ಅಪ್ಪನ ಬಸ್ ಕೇಕು ಮತ್ತು ಹಳದಿ ಬೋರ್ಡಿನ ತಕರಾರು

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ನಾಲ್ಕು ಸ್ಟಾರ್. ಆ ಒಂದು ಸ್ಟಾರ್ ಯಾಕೆ ಹೋಯಿತು ಅನ್ನೋದಕ್ಕೇ ಇಷ್ಟುದ್ದ ಬರೆಯುತ್ತಿರುವುದು. ಕೇಕು ಮಾಡಿಕೊಟ್ಟವರು ಮೈಸೂರಿನ ಸರಸ್ವತಿಪುರಂನಲ್ಲಿ ಮನೆಯಲ್ಲೇ ಬೇಕಿಂಗ್ ಮಾಡುವ ಒಬ್ಬರು. ಹೆಸರು ಹಾಕುತ್ತಿಲ್ಲ. "ರಿವ್ಯೂ ಬರೀತೀನಿ ಅಕ್ಕ" ಅಂದಾಗ ಅವರೇ "ಬರೀರಿ, ಹೆಸರು ಮಾತ್ರ ಬೇಡ, ವಾರಕ್ಕೆ ನಾಲ್ಕು ಕೇಕಿಗಿಂತ ಜಾಸ್ತಿ ನನ್ನ ಕೈಲಿ ಆಗಲ್ಲ, ಈಗಲೇ ಫೋನ್ ರಿಂಗ್ ಆದರೆ ಭಯ ಆಗುತ್ತೆ" ಅಂದರು. ಹೆಸರೇ ಇಲ್ಲದ ರಿವ್ಯೂ ಓದಿ ಏನು ಮಾಡೋದು ಅಂತೀರಾ? ಯಾರ ಹತ್ತಿರ ಮಾಡಿಸಿದರೂ ನಾವು ಕೇಳೋದು ಒಂದು, ಅವರು ಮಾಡೋದು ಇನ್ನೊಂದು ಅನ್ನೋ ಈ ಎಳೆದಾಟ ಇದ್ದಿದ್ದೇ. ಅದಕ್ಕೇ ಓದಿ.

ಅಪ್ಪನಿಗೆ ಏಪ್ರಿಲ್‌ನಲ್ಲಿ ಅರವತ್ತು ತುಂಬಿತು. ಕೆಎಸ್‌ಆರ್‌ಟಿಸಿಯಲ್ಲಿ ಡ್ರೈವರ್. ಅರವತ್ತು ತುಂಬಿದ ತಿಂಗಳ ಕೊನೇ ದಿನವೇ ರಿಟೈರ್‌ಮೆಂಟ್. ಮೂವತ್ತೊಂದು ವರ್ಷದ ಸರ್ವಿಸ್‌ನಲ್ಲಿ ಹೆಚ್ಚುಕಮ್ಮಿ ಅರ್ಧ ಕಳೆದಿದ್ದು ಒಂದೇ ರೂಟಿನಲ್ಲಿ: ಮೈಸೂರು, ಬನ್ನೂರು, ಕಿರುಗಾವಲು, ಮಳವಳ್ಳಿ. ಬೆಳಗ್ಗೆ ಮನೆಯಲ್ಲಿ ಪೂಜೆ, ಸಂಜೆ ರಾಮಕೃಷ್ಣನಗರದ ಒಂದು ಸಣ್ಣ ಹಾಲ್‌ನಲ್ಲಿ ಊಟ, ನಲವತ್ತು ಜನ. ಅಪ್ಪ ಹುಟ್ಟಿದಾಗಿನಿಂದ ಕೇಕು ಕಟ್ ಮಾಡಿದವರಲ್ಲ, ಹುಟ್ಟುಹಬ್ಬ ಅಂದರೆ ಅವರಿಗೆ ಶಾವಿಗೆ ಪಾಯಸ ಅಷ್ಟೇ. ಆದರೆ ಕೇಕು ತಿನ್ನಲ್ಲ ಅಂತಲ್ಲ. ನಾವು ಚಿಕ್ಕವರಿದ್ದಾಗ ಸಂಬಳದ ದಿನ ಸಬರ್ಬ್ ಬಸ್ ಸ್ಟ್ಯಾಂಡ್ ಹತ್ತಿರದ ಬೇಕರಿಯಿಂದ ಪೈನಾಪಲ್ ಪೇಸ್ಟ್ರಿ ತರುತ್ತಿದ್ದರು, ನನಗೊಂದು, ಅಣ್ಣನಿಗೊಂದು, ಡಬ್ಬಕ್ಕೆ ಅಂಟಿದ ಕ್ರೀಮ್ ಅಪ್ಪನಿಗೆ.

ಈ ಸಲ ಬೇಕರಿಗೆ ಯಾಕೆ ಹೋಗಲಿಲ್ಲ ಅಂದರೆ, ಹೋದ ವರ್ಷ ಅಮ್ಮನ ಹುಟ್ಟುಹಬ್ಬಕ್ಕೆ ಒಂದು ಬೇಕರಿಯಲ್ಲಿ ಆರ್ಡರ್ ಕೊಟ್ಟಿದ್ದೆ. ಕನ್ನಡದಲ್ಲೇ ಬರೀಬೇಕು ಅಂತ ಹಟ ಹಿಡಿದು ಚೀಟಿಯಲ್ಲಿ ಬರೆದೂ ಕೊಟ್ಟೆ. ಬಂದಿದ್ದು "ಹುಟ್ಟು ಹಬ್ಬದ ಶುಭಾಷಯಗಳು". ಅಮ್ಮ ಪ್ರೈಮರಿ ಸ್ಕೂಲ್ ಟೀಚರ್ ಆಗಿದ್ದವರು. ಮೇಣದಬತ್ತಿ ಆರಿಸೋಕೂ ಮುಂಚೆ ಚಾಕುವಿನ ತುದಿಯಿಂದ ಆ ಷ ಕೆರೆದು ತೆಗೆದರು.

ಅದಕ್ಕೇ ಈ ಸಲ ಅತ್ತಿಗೆಯ ಆಫೀಸಿನವರೊಬ್ಬರು ಹೇಳಿದ ಈ ಅಕ್ಕನಿಗೆ ಫೋನ್ ಮಾಡಿದೆ. ನನ್ನ ಫೋನಿನಲ್ಲಿ ಹದಿನಾಲ್ಕು ಫೋಟೋ ರೆಡಿ ಇತ್ತು. ಅವರು ಫೋಟೋ ಕೇಳಲೇ ಇಲ್ಲ. "ಕಟ್ ಮಾಡೋರು ಯಾರು? ಅವರಿಗೆ ಏನು ಇಷ್ಟ? ಸಕ್ಕರೆ ಕಾಯಿಲೆ ಇದೆಯಾ? ಮೊಟ್ಟೆ ತಿನ್ನದವರು ಎಷ್ಟು ಜನ? ಹಾಲ್‌ನಲ್ಲಿ ಎಸಿ ಇದೆಯಾ, ಫ್ಯಾನಾ? ಕೇಕು ಟೇಬಲ್ ಮೇಲೆ ಎಷ್ಟು ಹೊತ್ತು ಕೂತಿರುತ್ತೆ?" ಅಂತ ಒಂದೊಂದೇ ಕೇಳುತ್ತಾ ಹೋದರು. ಡಾಕ್ಟರ್ ಹತ್ತಿರ ಹೋದ ಹಾಗಿತ್ತು. ನಾನು ತಡೆಯಲಾರದೆ "ಡಿಸೈನ್ ಕಳಿಸ್ತೀನಿ ಅಕ್ಕ" ಅಂದೆ. "ಕಳಿಸಿ ಮೇಡಂ, ನೋಡ್ತೀನಿ, ಆದರೆ ಅದೇ ಥರ ಬರುತ್ತೆ ಅಂತ ಈಗಲೇ ಹೇಳಲ್ಲ" ಅಂದರು. ನಿಜ ಹೇಳಬೇಕೆಂದರೆ ಆಗ ಸ್ವಲ್ಪ ಅಹಂಕಾರ ಅನ್ನಿಸಿತು.

ನಮ್ಮ ಕಡೆಯ ಬೇಡಿಕೆಗಳನ್ನು ಕೇಳಿದರೆ ಅವರ ಮೇಲೇ ಕನಿಕರ ಬರುತ್ತೆ. ಅಣ್ಣನಿಗೆ ನಿಜವಾದ ಬಸ್ಸಿನ ಥರವೇ ನಿಂತಿರುವ ಕೆಂಪು ಬಸ್ಸು ಬೇಕು, ಅದಕ್ಕೆ ಉರಿಯುವ ಹೆಡ್‌ಲೈಟ್ ಬೇಕು. ಅತ್ತಿಗೆಗೆ ತಿಳಿ ಬಣ್ಣದ ಮೇಲೆ ಚಿನ್ನದ ಚೂರು ಚೆಲ್ಲಿರುವ ಕೇಕು ಬೇಕು, ಯಾವುದೋ ಮದುವೆಯಲ್ಲಿ ನೋಡಿದ್ದರಂತೆ. ಚಿಕ್ಕಪ್ಪನಿಗೆ ಅಪ್ಪ ಯೂನಿಫಾರಂ ಹಾಕಿರುವ ಫೋಟೋ ಕೇಕಿನ ಮೇಲೆ ಪ್ರಿಂಟ್ ಆಗಬೇಕು. ಅಮ್ಮನಿಗೆ ಮೇಲೊಂದು ಗಣಪತಿ. ನನಗೆ ಇದೆಲ್ಲಾ ಇಲ್ಲದೆ ನೀಟಾಗಿ ಇರಬೇಕು, ಜೊತೆಗೆ ನಿಜವಾದ ಮೈಸೂರು ಮಲ್ಲಿಗೆ. ಒಂದು ಕೇಕಿನ ಮೇಲೆ ಐದು ಜನ ಸೈಟು ಕೊಂಡ ಹಾಗೆ.

ಗಣಪತಿ ವಿಷಯ ಬೇಗ ಮುಗಿಯಿತು. "ಅಮ್ಮ, ಕೊನೇಲಿ ಗಣಪನ ಮೇಲೆ ಚಾಕು ಇಡಬೇಕಾಗುತ್ತೆ, ಇಲ್ಲಾಂದ್ರೆ ಕಿತ್ತು ತಟ್ಟೇಲಿ ಇಡಬೇಕು, ಎರಡೂ ಚೆನ್ನಾಗಿರಲ್ಲ" ಅಂದಿದ್ದೇ ಅಮ್ಮ "ಹೌದು ಕಣಮ್ಮ, ನನಗೆ ಹೊಳೀಲೇ ಇಲ್ಲ, ಪಕ್ಕದಲ್ಲಿ ದೀಪ ಹಚ್ಚಿಡ್ತೀನಿ ಬಿಡು" ಅಂದರು. ಚಿಕ್ಕಪ್ಪನ ಫೋಟೋಗೂ ಇದೇ ಮದ್ದು. "ಪ್ರಿಂಟ್ ಕಷ್ಟ ಇಲ್ಲ ಸರ್, ತಿನ್ನೋ ಇಂಕಿನಲ್ಲಿ ಸಕ್ಕರೆ ಶೀಟಿನ ಮೇಲೆ ಬರುತ್ತೆ. ಆಮೇಲೆ ನಿಮ್ಮ ಅಣ್ಣನ ಮೂಗಿನ ಪೀಸು ಯಾರ ಪ್ಲೇಟಿಗೆ ಹಾಕ್ತೀರಿ ಹೇಳಿ." ಚಿಕ್ಕಪ್ಪ ಅವತ್ತಿನಿಂದ ಫೋಟೋ ಕೇಕು ಅಂದರೆ ನಗುತ್ತಾರೆ.

ಬಸ್ಸಿನ ವಿಷಯ ಅಷ್ಟು ಸುಲಭ ಇರಲಿಲ್ಲ. ಅಣ್ಣ ಕಳಿಸಿದ್ದ ವಿಡಿಯೋದಲ್ಲಿ ಬಸ್ಸು ನಾಲ್ಕು ಚಕ್ರದ ಮೇಲೆ ಎದ್ದು ನಿಂತಿತ್ತು. ಅಕ್ಕ ಅವನನ್ನು ಮನೆಗೇ ಕರೆಸಿಕೊಂಡು ಕೂರಿಸಿ ವಿವರಿಸಿದರು. ನಾನೂ ಜೊತೆಗೆ ಹೋಗಿದ್ದೆ, ಈ ಭೇಟಿಯಲ್ಲಿ ಕಲಿತಷ್ಟು ನಾನು ಯಾವ ವಿಡಿಯೋ ನೋಡಿಯೂ ಕಲಿತಿಲ್ಲ. ಹಾಗೆ ನಿಲ್ಲುವ ಕೇಕಿಗೆ ಒಳಗೆ ಬೋರ್ಡು, ಕಡ್ಡಿ ಕೊಡಬೇಕು. ಸ್ಪಾಂಜ್ ಗಟ್ಟಿಯಾಗಿರಬೇಕು, ಇಲ್ಲದಿದ್ದರೆ ಕೆತ್ತುವಾಗ ಪುಡಿ ಉದುರುತ್ತೆ. ಕೆತ್ತಿದ ಚೂರಿಗೂ ನಾವೇ ದುಡ್ಡು ಕೊಡಬೇಕು. ಅದರ ಮೇಲೆ ಫಾಂಡೆಂಟ್ ಹೊದಿಸಬೇಕು. ಫಾಂಡೆಂಟ್ ಅಂದರೆ ಪುಡಿ ಸಕ್ಕರೆ, ಗ್ಲೂಕೋಸ್ ಎಲ್ಲಾ ಸೇರಿಸಿ ಚಪಾತಿ ಹಿಟ್ಟಿನ ಹಾಗೆ ನಾದಿ ಲಟ್ಟಿಸೋದು. ಅದು ಭಾರ, ಮೆತ್ತಗಿನ ವಿಪ್ಡ್ ಕ್ರೀಮಿನ ಮೇಲೆ ಹೊದಿಸಿದರೆ ಜಾರುತ್ತೆ, ಕ್ರೀಮಿನ ನೀರು ತಾಗಿ ಕರಗುತ್ತೆ. ಹಾಗಾಗಿ ಅಡಿಯಲ್ಲಿ ಬಟರ್‌ಕ್ರೀಮ್ ಇರಬೇಕು ಅಥವಾ ಚಾಕೊಲೇಟ್, ಕ್ರೀಮ್ ಕರಗಿಸಿ ಮಾಡೋ ಗನಾಶ್ ಇರಬೇಕು. ಏಪ್ರಿಲ್‌ನಲ್ಲಿ ನಮ್ಮ ಮೈಸೂರಲ್ಲೂ 35 ಡಿಗ್ರಿ ದಾಟುತ್ತೆ, ಬೆಣ್ಣೆ ಕರಗೋದೂ ಹೆಚ್ಚುಕಮ್ಮಿ ಆ ಬಿಸಿಗೇ. ಫ್ಯಾನ್ ಇರುವ ಹಾಲ್‌ನಲ್ಲಿ ಬಟರ್‌ಕ್ರೀಮ್ ಬಸ್ಸು ಕೂತಲ್ಲೇ ಕುಸಿಯುತ್ತೆ.

"ಈಗ ಹೇಳಿ, ನಿಮ್ಮ ತಂದೆಗೆ ಏನಿಷ್ಟ ಅಂದ್ರಿ?" ಅಂತ ಕೇಳಿದರು. ಪೈನಾಪಲ್ ಪೇಸ್ಟ್ರಿ. ಅಂದರೆ ಮೆತ್ತಗಿನ ಸ್ಪಾಂಜ್, ಬಿಳಿ ಕ್ರೀಮು, ರಸ ಸೋರುವ ಹಣ್ಣು. "ನೀವು ಕೇಳ್ತಿರೋ ಬಸ್ಸಿನ ಒಳಗೆ ಅವರು ಕೇಳೋ ಕೇಕು ಕೂರಲ್ಲ. ಒಂದು ಆರಿಸಿಕೊಳ್ಳಿ."

ಅಣ್ಣ ಐದು ನಿಮಿಷ ಮಾತಾಡಲಿಲ್ಲ. ನಾನಂತೂ ಆ ಕ್ಷಣಕ್ಕೇ ಅವರ ಹೆಸರಿಗೆ ಒಂದು ಸ್ಟಾರ್ ಬರೆದುಕೊಂಡೆ. ಎಷ್ಟೋ ಕಡೆ "ಆಯ್ತು ಸಾರ್, ಮಾಡಿಕೊಡೋಣ" ಅಂತ ಅಡ್ವಾನ್ಸ್ ಈಸಿಕೊಳ್ಳುತ್ತಾರೆ, ಆಮೇಲೆ ಬರೋದು ಬಸ್ಸೂ ಅಲ್ಲ, ತಿನ್ನೋಕೂ ಆಗಲ್ಲ.

ಅವರೇ ಒಂದು ದಾರಿ ತೋರಿಸಿದರು. ಚೌಕದ ಲೆಕ್ಕದ ಪುಸ್ತಕ ತೆಗೆದು ಪೆನ್ಸಿಲ್‌ನಲ್ಲಿ ಬರೆಯುತ್ತಾ ಹೋದರು. ಬಸ್ಸು ನಿಲ್ಲಿಸೋದು ಬೇಡ. ಆಯತಾಕಾರದ ಮಾಮೂಲಿ ಕೇಕು, ಅದರ ಮೇಲೆ ಬಸ್ಸಿನ ಮುಖ ಮಾತ್ರ ಮಲಗಿಸೋಣ. ಎರಡು ಗಾಜು, ವೈಪರ್, ಹೆಡ್‌ಲೈಟ್, ಬಂಪರ್, ಮೇಲೆ ರೂಟಿನ ಬೋರ್ಡು. ಕೇಕಿನ ಸುತ್ತ ಡಾರ್ಕ್ ಚಾಕೊಲೇಟ್ ಗನಾಶ್, ಅದೇ ಡಾಂಬರು ರಸ್ತೆ. ಚಾಕೊಲೇಟ್ ಎರಡು ಪಾಲು, ಕ್ರೀಮ್ ಒಂದು ಪಾಲು ಹಾಕಿದರೆ ಗನಾಶ್ ಗಟ್ಟಿ ನಿಲ್ಲುತ್ತಂತೆ, ಏಪ್ರಿಲ್ ಬಿಸಿಲಿಗೂ ಬೇಗ ಬಗ್ಗಲ್ಲ. ಒಳಗೆ ಅಪ್ಪನ ಪೈನಾಪಲ್. ಹಣ್ಣನ್ನು ಹಸಿ ಹಾಕಲ್ಲ, ಸಕ್ಕರೆ ಜೊತೆ ಬೇಯಿಸಿ ನೀರು ಬತ್ತಿಸಿ ಹಾಕುತ್ತಾರೆ. ಫಾಂಡೆಂಟ್ ಬರೋದು ಬಸ್ಸಿನ ಮುಖಕ್ಕೆ ಮಾತ್ರ, ತೆಳ್ಳಗೆ, ಅಡಿಯಲ್ಲಿ ಗನಾಶ್ ಇರುವುದರಿಂದ ಕರಗಲ್ಲ, ಬೇಡ ಅಂದವರು ಹಪ್ಪಳದ ಹಾಗೆ ಎತ್ತಿಡಬಹುದು. ಅಜ್ಜಿ ಮೊಟ್ಟೆ ಮುಟ್ಟಲ್ಲ, ಹಾಗಾಗಿ ಕೇಕು ಪೂರ್ತಿ ಎಗ್‌ಲೆಸ್, ಮೊಸರು, ಕಂಡೆನ್ಸ್ಡ್ ಮಿಲ್ಕ್ ಹಾಕಿ ಮಾಡೋದು. ಇನ್ನೊಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ಕೆಲವು ಫಾಂಡೆಂಟ್‌ಗೆ ಜೆಲಾಟಿನ್ ಹಾಕಿರುತ್ತಾರೆ, ಅದು ಪ್ರಾಣಿಯ ಮೂಳೆ, ಚರ್ಮದಿಂದ ಬರುವಂಥದ್ದು. "ಎಗ್‌ಲೆಸ್ ಅಂತ ಹೇಳಿ ಅಜ್ಜಿಗೆ ಅದನ್ನು ಕೊಟ್ಟರೆ ನನಗೆ ಪಾಪ ಬರುತ್ತೆ" ಅಂತ ಹಸಿರು ಚುಕ್ಕಿ ಇರುವ ಪ್ಯಾಕೆಟ್ಟು ತಂದು ತೋರಿಸಿದರು. ಮನೆಯಲ್ಲಿ ವೆಜ್ ಜನ ಇದ್ದರೆ ಇದೊಂದು ಮಾತು ತಪ್ಪದೆ ಕೇಳಿ. ಎಗ್‌ಲೆಸ್ ಮತ್ತು ವೆಜ್ ಎರಡೂ ಒಂದೇ ಅಂತ ನಾನು ಮೂವತ್ತು ವರ್ಷ ಅಂದುಕೊಂಡಿದ್ದೆ.

ಕೆಂಪು ಬಣ್ಣಕ್ಕೆ ಮತ್ತೆ ಅರ್ಧ ಗಂಟೆ ಹೋಯಿತು. ಅಣ್ಣನಿಗೆ ಸಾರಿಗೆ ಬಸ್ಸಿನ ಅದೇ ಕೆಂಪು ಬೇಕು. ಬಿಳಿ ಫಾಂಡೆಂಟನ್ನು ಆ ಕೆಂಪಿಗೆ ತರಬೇಕಾದರೆ ಜೆಲ್ ಬಣ್ಣ ತುಂಬಾ ಸುರಿಯಬೇಕು, ನಾಲಿಗೆಗೆ ಕಹಿ, ಹಲ್ಲೆಲ್ಲಾ ಕೆಂಪು. ಒಪ್ಪಿಗೆ ಇರುವ ಬಣ್ಣಕ್ಕೂ ಕೆಜಿಗೆ 100 ಮಿಲಿಗ್ರಾಂ ಅಂತ ಮಿತಿ ಇದೆ. 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗೆ ರೋಡಮೈನ್ ಅನ್ನೋ ಬಟ್ಟೆಗೆ ಹಾಕೋ ಬಣ್ಣ ಬೆರೆಸೋದನ್ನು ಸರ್ಕಾರ ನಿಲ್ಲಿಸಿತಲ್ಲ, ಅದೇ ವರ್ಷ ಕೇಕುಗಳನ್ನೂ ಹಿಡಿದು 235 ಸ್ಯಾಂಪಲ್ ಪರೀಕ್ಷೆ ಮಾಡಿಸಿದಾಗ 12ರಲ್ಲಿ ಬಣ್ಣದ ತಕರಾರು ಇದ್ದಿದ್ದು ಅಕ್ಟೋಬರ್‌ನಲ್ಲಿ ಹೊರಬಂತು, ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್ ಹೆಸರು ಪೇಪರಿನಲ್ಲೆಲ್ಲಾ ಓಡಾಡಿತು. "ಅವತ್ತಿನಿಂದ ನಾಲ್ಕು ತಿಂಗಳು ಒಬ್ಬರೂ ನನ್ನ ಹತ್ತಿರ ರೆಡ್ ವೆಲ್ವೆಟ್ ಕೇಳಲಿಲ್ಲ, ಈಗ ಎಲ್ಲಾ ಮರೆತು ಬಸ್ಸೇ ಕೆಂಪು ಬೇಕು ಅಂತಾರೆ" ಅಂತ ಅಣ್ಣನ ಮುಖ ನೋಡದೇ ಹೇಳಿದರು. ಬೀಟ್‌ರೂಟ್ ಪುಡಿ ಹಾಕಬಹುದು, ಆದರೆ ಬರೋದು ಗುಲಾಬಿ, ಬಸ್ಸಿಗೆ ಲಿಪ್‌ಸ್ಟಿಕ್ ಹಚ್ಚಿದ ಹಾಗೆ. ಕೊನೆಗೆ ಕೆಂಪು ಬರೋದು ಗಾಜಿನ ಕೆಳಗಿನ ಒಂದು ಪಟ್ಟಿಗೆ ಮಾತ್ರ ಅಂತ ಒಪ್ಪಂದ ಆಯಿತು. ಅದನ್ನೂ ಎರಡು ದಿನ ಮುಂಚೆ ಕಲಸಿ ಇಡುತ್ತಾರೆ, ಬಣ್ಣ ಕೂತು ಕೂತು ತಾನೇ ಗಾಢ ಆಗುತ್ತೆ, ಆಗ ಕಡಿಮೆ ಹಾಕಿದರೂ ಸಾಕು. ಇದು ನನಗೆ ತುಂಬಾ ಹಿಡಿಸಿತು. ನಮ್ಮ ಆಸೆಗೆ ಪೂರ್ತಿ ಇಲ್ಲ ಅನ್ನಲಿಲ್ಲ, ಅದನ್ನು ಅರ್ಧ ಅಡಿಯ ಒಂದು ಪಟ್ಟಿಗೆ ಇಳಿಸಿದರು.

ಉಳಿದಿದ್ದೆಲ್ಲಾ ಚುಟುಕಾಗಿ. ಉರಿಯೋ ಹೆಡ್‌ಲೈಟಿಗೆ ಬಟನ್ ಸೆಲ್ ಬೇಕು, ಮಕ್ಕಳಿರೋ ಕಡೆ ಅದನ್ನು ತಿನ್ನೋ ಪದಾರ್ಥದಲ್ಲಿ ಇಡಲ್ಲ ಅಂದರು, ಸಕ್ಕರೆಯಂಥದ್ದೇ ಐಸೋಮಾಲ್ಟ್ ಅನ್ನೋದನ್ನು ಕರಗಿಸಿ ಗಾಜಿನಂಥ ಬಿಲ್ಲೆ ಮಾಡಿ ಕೂರಿಸಿದರು. ಅತ್ತಿಗೆಯ ಚಿನ್ನದ ಪುಡಿ ಡಬ್ಬದ ಮೇಲೆ ನಾನ್-ಟಾಕ್ಸಿಕ್ ಅಂತ ಇತ್ತು. "ವಿಷ ಅಲ್ಲ ಅಂತ ಬರೆದಿದ್ದಾರೆ, ತಿನ್ನಬಹುದು ಅಂತ ಬರೆದಿಲ್ಲ, ಸರಿಯಾಗಿ ಓದಿ" ಅಂತ ವಾಪಸ್ ಕೊಟ್ಟರು. ಅತ್ತಿಗೆ ಇನ್ನೂ ಮುನಿಸಿಕೊಂಡಿದ್ದಾರೆ. ನನ್ನ ಮಲ್ಲಿಗೆಗೂ ಇಲ್ಲ ಅಂದರು, ಮಾರ್ಕೆಟ್ಟಿನ ಹೂವಿಗೆ ಔಷಧಿ ಹೊಡೆದಿರುತ್ತಾರೆ, ಟೇಬಲ್ ಮೇಲೆ ಸುತ್ತ ಇಡಿ, ಕೇಕಿನ ಮೇಲೆ ಬೇಡ ಅಂತ.

ಆದರೆ ಆ ಮಲ್ಲಿಗೆಯನ್ನು ಅವರು ಮರೆಯಲಿಲ್ಲ. ಆಯುಧಪೂಜೆ ದಿನ ಬಸ್ಸಿನ ಮುಂದೆ ಅಡ್ಡಡ್ಡ ಹಾರ ಕಟ್ಟಿರುತ್ತಾರಲ್ಲ, ಅಪ್ಪ ಅವತ್ತು ಬೆಳಗ್ಗೆ ಆರಕ್ಕೇ ಡಿಪೋಗೆ ಹೋಗಿ ತಾವೇ ಕಟ್ಟುತ್ತಿದ್ದರು, ಇದನ್ನು ನಾನು ಮಾತಿನ ಮಧ್ಯೆ ಸುಮ್ನೆ ಹೇಳಿದ್ದೆ. ಕೇಕು ಬಂದಾಗ ನೋಡಿದರೆ ಬಂಪರಿನ ಮೇಲೆ ಬಿಳಿ ಫಾಂಡೆಂಟಿನ ಪುಟ್ಟ ಪುಟ್ಟ ಮೊಗ್ಗಿನ ಹಾರ, ನಡುವೆ ಕಡಲೆಕಾಳಿನಷ್ಟು ಒಂದು ನಿಂಬೆಹಣ್ಣು. ಮೊಗ್ಗು ಒಂದೊಂದೂ ಜೋಳದ ಕಾಳಿಗಿಂತ ಚಿಕ್ಕದು. ಮೂರು ಗಂಟೆ ಹಿಡಿಯಿತಂತೆ. ಅದಕ್ಕೆ ಒಂದು ಪೈಸೆ ಜಾಸ್ತಿ ತಗೊಳ್ಳಲಿಲ್ಲ, ಮಾಡುತ್ತೇನೆ ಅಂತ ಹೇಳಿಯೂ ಇರಲಿಲ್ಲ. ಗಿರಾಕಿ ಕೇಳದೇ ಇದ್ದಿದ್ದನ್ನು ಮಾಡೋದು ಅಂದರೆ ಹೀಗಿರಬೇಕು ಅಂತ ನಾನು ಎಲ್ಲರಿಗೂ ತೋರಿಸಿಕೊಂಡು ಓಡಾಡುತ್ತಿದ್ದೆ.

ಅಷ್ಟರಲ್ಲಿ ಬೋರ್ಡು ಕಾಣಿಸಿತು.

ನಾವು ಅಪ್ಪನ ಹಳೇ ಫೋಟೋ ಒಂದನ್ನು ಕೊಟ್ಟಿದ್ದೆವು, ಬಸ್ಸಿನ ಮುಂದೆ ನಿಂತಿರೋದು. ಅದರಲ್ಲಿ ಹಳದಿ ಬೋರ್ಡು, ಕಪ್ಪು ಅಕ್ಷರ: ಮಳವಳ್ಳಿ, ಕೆಳಗೆ ಚಿಕ್ಕದಾಗಿ ಮಾರ್ಗ ಬನ್ನೂರು. ಪೆನ್ಸಿಲ್ ಸ್ಕೆಚ್ಚಿನಲ್ಲೂ ಬಾಣದ ಗುರುತು ಹಾಕಿ "ಹಳದಿ" ಅಂತ ಅಕ್ಕನ ಕೈಬರಹದಲ್ಲೇ ಇತ್ತು, ಅದರ ಫೋಟೋ ನನ್ನ ಹತ್ತಿರ ಇದೆ. ಬಂದಿದ್ದು ಕೆನೆ ಬಣ್ಣದ ಬೋರ್ಡು, ಕಾಫಿ ಬಣ್ಣದ ಅಕ್ಷರ. ಅಕ್ಷರ ಮಾತ್ರ ಎಷ್ಟು ಚೆನ್ನಾಗಿತ್ತು ಅಂದರೆ, ಳಕ್ಕೆ ಕೊಟ್ಟ ಒತ್ತು ಕೂಡ ಎಲ್ಲೂ ಅಂಟಿಕೊಳ್ಳದೆ ಬಿಡಿಬಿಡಿಯಾಗಿ ಕೂತಿತ್ತು. ಬಟರ್ ಪೇಪರಿನ ಕೋನ್ ಮಾಡಿ ಕರಗಿಸಿದ ಚಾಕೊಲೇಟ್‌ನಲ್ಲಿ ಬರೆಯುತ್ತಾರೆ, ಮೊದಲು ಪೇಪರಿನ ಮೇಲೆ ನಾಲ್ಕು ಸಲ ಅಭ್ಯಾಸ ಮಾಡಿಕೊಳ್ಳುತ್ತಾರೆ. ಅಮ್ಮ ಟೀಚರ್ ಕನ್ನಡಕ ಹಾಕಿಕೊಂಡು ನೋಡಿ ಪಾಸ್ ಮಾಡಿದರು. ಬಣ್ಣದಲ್ಲಿ ಮಾತ್ರ ಫೇಲು.

ಹಾಲ್‌ನಲ್ಲಿ ಅಪ್ಪ ಕೇಕು ನೋಡಿದರು. ಹಾರ ನೋಡಿದರು, ವೈಪರ್ ಮುಟ್ಟಿ ನೋಡಿದರು, ಹೆಡ್‌ಲೈಟು ಒಂದು ಸುತ್ತು ನೋಡಿದರು. ಆಮೇಲೆ ಅಣ್ಣನ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಬೋರ್ಡು ನಮ್ದಲ್ವಲ್ಲೋ. ಯಾವ ಡಿಪೋದು ಇದು?"

ಎಲ್ಲರೂ ನಕ್ಕರು, ಅಪ್ಪನೂ ನಕ್ಕರು, ವಿಷಯ ಅಲ್ಲಿಗೆ ಮುಗಿಯಿತು. ನನಗೆ ಮುಗಿಯಲಿಲ್ಲ. ಮಾರನೇ ದಿನ ಬಾಕಿ ದುಡ್ಡು ಕೊಡೋಕೆ ಹೋದಾಗ ಕೇಳಿದೆ. ಅಕ್ಕ ಮೊದಲು "ಹಳದಿ ಹಾಕಿ ನೋಡಿದೆ ಮೇಡಂ, ಕೆಂಪಿನ ಪಕ್ಕ ಕಣ್ಣಿಗೆ ಹೊಡೀತಿತ್ತು, ಕೆನೆ ಬಣ್ಣ ಫೋಟೋದಲ್ಲಿ ಎಷ್ಟು ಚೆನ್ನಾಗಿ ಬಂದಿದೆ ನೋಡಿ" ಅಂತ ಫೋನ್ ತೋರಿಸಿದರು. ನಿಜಕ್ಕೂ ಚೆನ್ನಾಗಿತ್ತು. ಅವರ ಇನ್‌ಸ್ಟಾಗ್ರಾಂ ಪೇಜಿಗೆ ಹಾಕಿದ್ದರು, ಲೈಕು ಬಿದ್ದಿದ್ದವು. ನನಗೆ ಅಲ್ಲೇ ಚುರುಕ್ ಅಂದಿದ್ದು. ಮೊದಲನೇ ದಿನ ಫೋನಿನಲ್ಲಿ "ಕಟ್ ಮಾಡೋರು ಯಾರು" ಅಂತ ಕೇಳಿದವರು ಕೊನೇ ದಿನ ಕ್ಯಾಮೆರಾಕ್ಕೆ ಬೋರ್ಡು ಮಾಡಿದ್ದಾರೆ. ಬಸ್ಸಿನ ಬೋರ್ಡು ಕಣ್ಣಿಗೆ ಹೊಡೀಲೇಬೇಕು ಅಕ್ಕ, ದೂರದಿಂದ ಓದೋಕೆ ತಾನೇ ಅದನ್ನು ಹಾಕೋದು, ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಹಾರಕ್ಕೂ ನಿಮ್ಮನ್ನ ಕೇಳಿರಲಿಲ್ಲ, ಅದು ಇಷ್ಟ ಆಯ್ತಲ್ವಾ" ಅಂದರು.

ಈ ಮಾತಿಗೆ ನನ್ನ ಹತ್ತಿರ ತಕ್ಷಣ ಉತ್ತರ ಇರಲಿಲ್ಲ. ಮನೆಗೆ ಬಂದು ಯೋಚಿಸಿದೆ. ಹಾರದ ಬಗ್ಗೆ ನಾವು ಏನೂ ಹೇಳಿರಲಿಲ್ಲ, ಅಲ್ಲಿ ಜಾಗ ಖಾಲಿ ಇತ್ತು, ಅವರು ತುಂಬಿದರು. ಬೋರ್ಡಿನ ಬಗ್ಗೆ ಹೇಳಿದ್ದೆವು, ಅವರು ಬರೆದುಕೊಂಡಿದ್ದರು, ಬದಲಾಯಿಸಿದರು. ಒಂದು ವಾಟ್ಸಾಪ್ ಮೆಸೇಜ್ ಸಾಕಿತ್ತು, "ಹಳದಿ ಬದಲು ಕೆನೆ ಹಾಕಲಾ" ಅಂತ. ನಾನು ಬೇಡ ಅಂತಿದ್ದೆ, ಬಹುಶಃ ಅದಕ್ಕೇ ಕೇಳಲಿಲ್ಲ. ಹೋದ ಸ್ಟಾರ್ ಇದೇ. ಅವರ ಕಡೆಯ ಕಷ್ಟ ಗೊತ್ತಿಲ್ಲದೇ ಇಲ್ಲ. ದಿನಾ ಯಾರದೋ ಫೋಟೋ ಹಿಡಿದುಕೊಂಡು ಬರುವವರಿಗೆ ಕಾಪಿ ಮಾಡಿಕೊಟ್ಟು ಕೊಟ್ಟು ಅವರ ಕೈಗೂ ಬೇಜಾರಾಗುತ್ತೆ. ತಿಂಗಳಿಗೆ ಹತ್ತು ಯೂನಿಕಾರ್ನ್ ಮಾಡುತ್ತಾರಂತೆ, ಹತ್ತಕ್ಕೂ ಅದೇ ಕಾಮನಬಿಲ್ಲಿನ ಕೂದಲು. ನಮ್ಮ ಬಸ್ಸು ಬಂದಾಗ ಖುಷಿಯಾಗಿ ಕೈ ಸ್ವಲ್ಪ ಉದ್ದ ಆಯಿತು ಅಂತ ಕೊನೆಗೆ ಅವರೇ ಒಪ್ಪಿಕೊಂಡು 300 ರೂಪಾಯಿ ಕಮ್ಮಿ ತಗೊಂಡರು. ನಾನು ಕೇಳಿರಲಿಲ್ಲ. ಮತ್ತೆ ನಾನೇನು ಸಾಚಾನಾ, ಹದಿನಾಲ್ಕು ಫೋಟೋ ಇಟ್ಟುಕೊಂಡಿದ್ದು ಅಪ್ಪನಿಗೋಸ್ಕರವಾ, ನನ್ನ ಸ್ಟೇಟಸ್‌ಗೋಸ್ಕರವಾ ಅಂತ ಯಾರೂ ಕೇಳಲಿಲ್ಲ ಸದ್ಯ.

ರುಚಿಗೆ ಮಾತಿಲ್ಲ. ಸ್ಪಾಂಜ್ ಎಗ್‌ಲೆಸ್ ಅಂತ ಹೇಳದಿದ್ದರೆ ಗೊತ್ತಾಗುತ್ತಿರಲಿಲ್ಲ. ಪೈನಾಪಲ್ ಬೇಯಿಸಿದ್ದರಿಂದ ಸ್ವಲ್ಪ ಗೊಜ್ಜಿನ ಹತ್ತಿರ ಬಂದಿತ್ತು, ನನಗೆ ಇಷ್ಟ ಆಯಿತು, ಚಿಕ್ಕಪ್ಪನಿಗೆ ಸಿಹಿ ಜಾಸ್ತಿ ಅನ್ನಿಸಿತು. ಅಪ್ಪ ಎರಡು ಪೀಸು ತಿಂದರು, ಎರಡನೇದನ್ನು ಮೂಲೆಯಲ್ಲಿ ನಿಂತುಕೊಂಡು. ಅಕ್ಕ ಮಂಡ್ಯ ಬೆಲ್ಲ, ತೆಂಗಿನಕಾಯಿ ಹಾಕಿದ ಸ್ಪಾಂಜ್ ಕೂಡ ಮಾಡುತ್ತಾರೆ, ಆರ್ಡರ್ ಕೊಡುವಾಗ ಒಂದು ತುಂಡು ಕೊಟ್ಟು "ಇದನ್ನು ಮಾಡೋಣವಾ, ಮಳವಳ್ಳಿ ರೂಟಿನವರಿಗೆ ಮಂಡ್ಯದ ಬೆಲ್ಲ" ಅಂತ ಆಸೆಯಿಂದ ಕೇಳಿದ್ದರು. ನಾವು ಪೈನಾಪಲ್ಲೇ ಬೇಕು ಅಂದಾಗ ಮತ್ತೆ ಎತ್ತಲಿಲ್ಲ. ರುಚಿಯಲ್ಲಿ ಇಷ್ಟು ಮಾತು ಕೇಳುವವರು ಬಣ್ಣದಲ್ಲಿ ಯಾಕೆ ಕೇಳಲಿಲ್ಲವೋ. ಆ ಬೆಲ್ಲದ ಕೇಕು ಮಾತ್ರ ಅದ್ಭುತ, ಹೋದರೆ ಕೇಳಿ ತಿನ್ನಿ.

ಲೆಕ್ಕ ಬೇಕು ಅನ್ನುವವರಿಗೆ: ಮೂರೂವರೆ ಕೆಜಿ, ಕೆಜಿಗೆ 1,400 ರೂಪಾಯಿ, ಬಸ್ಸಿನ ಮುಖದ ಕೆಲಸಕ್ಕೆ 900, ಒಟ್ಟು 5,800. ಅರ್ಧ ಅಡ್ವಾನ್ಸ್. ಹತ್ತು ದಿನ ಮುಂಚೆ ಹೇಳಬೇಕು, ನಾಲ್ಕು ದಿನ ಇರುವಾಗ ಸ್ಕೆಚ್ ಲಾಕ್, ಆಮೇಲೆ ಏನೂ ಬದಲಾಯಿಸಲ್ಲ (ಈ ರೂಲು ಅವರಿಗೂ ಅನ್ವಯಿಸಲಿ ಅಂತ ನಾನು ಹೇಳಿ ಬಂದಿದ್ದೇನೆ). ಬಿಲ್ಲಿನ ಮೇಲೆ ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್ ಇರುತ್ತೆ. ಮನೆಯಲ್ಲಿ ಮಾಡುವ ಸಣ್ಣವರಿಗೂ ಆ ರಿಜಿಸ್ಟ್ರೇಷನ್ ಬೇಕು. ಯಾರಾದರೂ "ಮನೇಲಿ ಮಾಡೋದಲ್ವಾ, ಅದೆಲ್ಲಾ ಬೇಕಿಲ್ಲ" ಅಂದರೆ ನಂಬಬೇಡಿ.

ಡೆಲಿವರಿ ಕೊಡಲ್ಲ, ನಾವೇ ಹೋಗಿ ತರಬೇಕು, ಇದು ಕಿರಿಕಿರಿ. ಆದರೆ ಹೇಗೆ ತರಬೇಕು ಅಂತ ಪಾಠ ಮಾಡಿ ಕಳಿಸುತ್ತಾರೆ. ಕಾರಿನ ಸೀಟು ಹಿಂದಕ್ಕೆ ಓರೆ ಇರುತ್ತೆ, ಅಲ್ಲಿ ಇಡಬೇಡಿ, ತೊಡೆ ಮೇಲೂ ಬೇಡ, ಕಾಲಿಡುವ ಜಾಗದಲ್ಲಿ ಸಮವಾಗಿ ಇಡಿ, ಎಸಿ ಹಾಕಿ. ಎಲ್ಲಾ ಸರಿಯಾಗಿ ಮಾಡಿದೆವು, ಕುವೆಂಪುನಗರದ ಒಂದು ಹಂಪ್ ಮಾತ್ರ ಅಣ್ಣನ ಕಣ್ಣಿಗೆ ಬೀಳಲಿಲ್ಲ. ಡಾಂಬರು ರಸ್ತೆಯ ಮೂಲೆ ಬಿರುಕು ಬಿಟ್ಟಿತು. ಡಬ್ಬದ ಪಕ್ಕದಲ್ಲೇ ಒಂದು ಪುಟ್ಟ ಕವರಿನಲ್ಲಿ ಎರಡು ಚಮಚ ಗನಾಶ್ ಕೊಟ್ಟಿದ್ದರು, "ಬೇಕಾಗಬಹುದು" ಅಂತ ಚೀಟಿ ಅಂಟಿಸಿ. ಅತ್ತಿಗೆ ಸ್ಪೂನ್ ಹಿಂದುಗಡೆಯಿಂದ ಸವರಿ ರಸ್ತೆ ರಿಪೇರಿ ಮಾಡಿದರು. ವಿಷಯ ತಿಳಿದ ಮೇಲೆ ಅಪ್ಪ ಅಣ್ಣನಿಗೆ, ಮೂವತ್ತೊಂದು ವರ್ಷದಲ್ಲಿ ನನ್ನ ಬಸ್ಸಲ್ಲಿ ಒಬ್ಬರ ಮೊಟ್ಟೆ ಬುಟ್ಟಿ ಒಡೆದಿಲ್ಲ ಕಣೋ, ಅಂದರು.

ಮಿಕ್ಕಿದ್ದನ್ನು ಫ್ರಿಜ್‌ನಲ್ಲಿ ಇಡಬೇಡಿ ಅಂದಿದ್ದರು, ಅಮ್ಮ ಕೇಳಲಿಲ್ಲ. ಮಾರನೇ ದಿನ ಹೊರಗೆ ತೆಗೆದ ಹತ್ತು ನಿಮಿಷಕ್ಕೆ ಫಾಂಡೆಂಟ್ ಬೆವತು ಕೆಂಪು ಪಟ್ಟಿಯ ಬಣ್ಣ ಇಳಿದು ಬಂಪರಿನ ಮೇಲೆಲ್ಲಾ ಹರಿಯಿತು. ತಪ್ಪು ನಮ್ಮದೇ.

ಬೋರ್ಡನ್ನು ಮಾತ್ರ ಯಾರಿಗೂ ತಿನ್ನಲು ಬಿಡದೆ ಅಪ್ಪ ಅವತ್ತೇ ಎತ್ತಿಟ್ಟುಕೊಂಡಿದ್ದರು. ಮೂರು ದಿನ ಒಣಗಿ ಬಿಸ್ಕತ್ತಿನ ಹಾಗೆ ಗಟ್ಟಿಯಾಯಿತು. ಭಾನುವಾರ ಬೆಳಗ್ಗೆ ನೋಡಿದರೆ ಊಟದ ಟೇಬಲ್ ಮೇಲೆ ಪೇಪರ್ ಹಾಸಿಕೊಂಡು ಕೂತಿದ್ದಾರೆ, ಪಕ್ಕದಲ್ಲಿ ಅಮ್ಮನ ಅರಿಶಿನದ ಡಬ್ಬಿ. ಒಣ ಅರಿಶಿನವನ್ನು ಬೆರಳ ತುದಿಯಲ್ಲಿ ಅದ್ದಿ ಕೆನೆ ಬಣ್ಣದ ಮೇಲೆ ಉಜ್ಜುತ್ತಿದ್ದಾರೆ, ಅಕ್ಷರಕ್ಕೆ ತಾಗದ ಹಾಗೆ, ಒತ್ತಕ್ಷರದ ಹತ್ತಿರ ಬಂದಾಗ ಉಸಿರು ಬಿಗಿಹಿಡಿದು. ಈಗ ಅದು ಶೋಕೇಸಿನಲ್ಲಿ ಸೇಫ್ ಡ್ರೈವಿಂಗ್ ಮೆಡಲಿನ ಪಕ್ಕ ಇದೆ. ಸುತ್ತ ಅಮ್ಮ ಇರುವೆ ಸೀಮೆಸುಣ್ಣದಲ್ಲಿ ಗೀಟು ಎಳೆದಿದ್ದಾರೆ.